ವೀಣೆಯ ಧ್ವನಿಮುದ್ರಣ: ಮೆಲುದನಿಯ ವಾದ್ಯಕ್ಕೆ ಮೈಕನ್ನು ಎಲ್ಲಿ, ಹೇಗೆ ಇಡಬೇಕು?

ಸಾರಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ವೀಣೆ ನುಡಿಸುವವಳು. ಸ್ಟುಡಿಯೊ ಒಂದರಲ್ಲಿ ವಿಸ್ತಾರವಾದ ಒಂದು ಆಲಾಪನೆ, ತಾನ ಹಾಗೂ ಎರಡು ಕೃತಿಗಳನ್ನು ಮುದ್ರಿಸುವ ಅವಕಾಶ ಒದಗಿದೆ. ಕೃತಿಗಳಿಗೆ ಮಾತ್ರ ಮೃದಂಗವಿರುತ್ತದೆ. ಇದಕ್ಕೆ ಮುಂಚೆ ಬೇರೊಂದು ಕಡೆ ನಡೆದ ಮುದ್ರಣ ನನಗೆ ಸಮಾಧಾನ ಕೊಟ್ಟಿರಲಿಲ್ಲ. ಪ್ರತಿಯೊಂದು ಮೀಟೂ ಚುಚ್ಚಿದಂತೆ ಕೇಳಿಸುತ್ತಿತ್ತು. ಆದರೆ ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರಗಳನ್ನು ತೋರಿಸುವ ಕಡೆಗಳಲ್ಲಿ ಕೊನೆಯ ಸ್ವರ ಇದೆಯೋ ಇಲ್ಲವೋ ಎಂಬಂತಿತ್ತು. ವೀಣೆಯ ಶಬ್ದವೇ ಸಣ್ಣದಾದ್ದರಿಂದ ಕಂಪ್ರೆಸರ್ (ಜೋರಾದ ಭಾಗವನ್ನು ಅದುಮಿ ಒಟ್ಟು ಧ್ವನಿಯನ್ನು ಎತ್ತುವ ಸಾಧನ) ಹಾಕದೆ ಬೇರೆ ದಾರಿಯಿಲ್ಲವೆಂದು ಅಲ್ಲಿ ಹೇಳಿದರು. ಹಾಕಿದ ಮೇಲೆ ಆ ಸ್ವರವೇನೋ ಮೇಲೆದ್ದಿತು. ಜೊತೆಯಲ್ಲೇ ಕೋಣೆಯ ಎ.ಸಿ.ಯ ಮೊರೆತವೂ ಎದ್ದು, ಪ್ರತಿ ಮೀಟಿಗೂ ತಗ್ಗಿ ಮತ್ತೆ ಉಬ್ಬತೊಡಗಿತು.

ಮೈಕನ್ನು ಎಲ್ಲಿ, ಎಷ್ಟು ದೂರದಲ್ಲಿ ಇಡಿಸಬೇಕು? ಎಂಥ ಮೈಕನ್ನು ಕೇಳಬೇಕು? ಪಿಕಪ್ ಬಳಸುವುದು ಸರಿಯೇ? ಇಂಜಿನಿಯರರ ಕೆಲಸವನ್ನು ನಾನು ಮಾಡಲು ಹೊರಟಿಲ್ಲ; ಅವರ ಜೊತೆ ಮಾತನಾಡುವಾಗ ಏನನ್ನು ಕೇಳಬೇಕೆಂಬುದಷ್ಟೇ ನನಗೆ ತಿಳಿದಿರಬೇಕಾಗಿದೆ.

ಮುದ್ರಣಕೋಣೆ

ಸಾರಣಿಯವರೇ, ನೀವು ಕೊನೆಯಲ್ಲಿ ಹೇಳಿದ ಎ.ಸಿ.ಯ ಮೊರೆತದಲ್ಲೇ ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರವಿದೆ. ಮೈಕಿನ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮೊದಲು ಇದನ್ನು ನೋಡೋಣ.

ಹಾಡುವವರು ಒಂದು ಸ್ವರವನ್ನು ಹಿಡಿದು ನಿಂತರೆ ಉಸಿರಿರುವ ತನಕ ಅದಕ್ಕೆ ಬಲ ತುಂಬುತ್ತಲೇ ಇರಬಹುದು. ಪಿಟೀಲಿನಲ್ಲಿ ಆ ಕೆಲಸವನ್ನು ಕಮಾನು ಮಾಡುತ್ತದೆ. ವೀಣೆಯಲ್ಲಿ ಮೀಟಿದ ಕ್ಷಣದಲ್ಲಿ ತಂತಿಗೆ ಸಿಕ್ಕಿದ್ದೇ ಎಲ್ಲ, ಆಮೇಲೆ ಶಬ್ದ ಇಳಿಯುತ್ತಲೇ ಹೋಗುತ್ತದೆ. ಆದರೆ ನಮ್ಮ ಸಂಗೀತದಲ್ಲಿ ರಾಗದ ಗುರುತು ಹತ್ತುವುದು ಬಹುಮಟ್ಟಿಗೆ ಈ ಇಳಿತದ ಹಾದಿಯಲ್ಲಿ, ಎಡಗೈ ತಂತಿಯನ್ನು ಎಳೆದು ತಗ್ಗಿಸಿ ಮಾಡುವ ಗಮಕದಲ್ಲಿ. ಹೀಗಾಗಿ ವೀಣೆಯಲ್ಲಿ ಅತಿ ಜೋರಾಗಿರುವ ಭಾಗ ಬರಿಯ ಮೀಟಿನ ಪೆಟ್ಟು, ಅತಿ ಮೆಲುವಾಗಿರುವ ಭಾಗವೇ ರಾಗ. ಧ್ವನಿಮುದ್ರಣದ ಅಳತೆಮಾಪಕಗಳು ಪೆಟ್ಟನ್ನು ತೋರಿಸುತ್ತವೆ, ಕೇಳುಗನ ಕಿವಿ ಇಳಿತವನ್ನು ಹಿಂಬಾಲಿಸುತ್ತದೆ. ಮಾಪಕವನ್ನು ಮಾತ್ರ ನೋಡಿ ಕೆಲಸ ಮಾಡಿದರೆ ನೀವು ವಿವರಿಸಿದಂಥ ಮುದ್ರಣ ಬರುವುದು ಸಹಜ.

ಲೆಕ್ಕಕ್ಕಾಗಿ, ಮೈಕ್ ಇರುವ ಜಾಗದಲ್ಲಿ ಮೀಟಿನ ಪೆಟ್ಟು 70 ಡೆಸಿಬೆಲ್ ಇದೆಯೆಂದೂ ಗಮಕದ ಕೊನೆಯ ಸ್ವರ ಅದಕ್ಕಿಂತ 35 ಡೆಸಿಬೆಲ್ ಕೆಳಗಿದೆಯೆಂದೂ ಇಟ್ಟುಕೊಳ್ಳಿ. ಅಂದರೆ ಆ ಸ್ವರ 35ರಲ್ಲಿದೆ. ಎ.ಸಿ. ನಡೆಯುತ್ತಿರುವ ಕೋಣೆಯ ಸದ್ದು 40ರ ಆಸುಪಾಸಿನಲ್ಲಿದ್ದರೆ ಆ ಸ್ವರ ಅದರ ಅಡಿಯಲ್ಲಿ ಹೂತುಹೋಗಿರುತ್ತದೆ. ಯಾವ ಬೆಲೆಯ ಮೈಕ್ ತಂದರೂ ಅದನ್ನು ಮೇಲೆತ್ತಲಾಗದು. ಅದೇ ಕೋಣೆಯ ಸದ್ದು 20ಕ್ಕೆ ಇಳಿದರೆ ಗಮಕಕ್ಕೆ 15 ಡೆಸಿಬೆಲ್‌ಗಳಷ್ಟು ಜಾಗ ಸಿಗುತ್ತದೆ. ಕಂಪ್ರೆಸರ್ ಮಾಡುವ ಕೆಲಸ ಇದಕ್ಕೆ ವಿರುದ್ಧವಾದದ್ದು: ಪೆಟ್ಟನ್ನು 10 ಡೆಸಿಬೆಲ್ ಅದುಮಿ ಎಲ್ಲವನ್ನೂ 10 ಡೆಸಿಬೆಲ್ ಎತ್ತಿದಾಗ ಕೋಣೆಯ ಸದ್ದೂ ಅಷ್ಟೇ ಏರುತ್ತದೆ. ನೀವು ಕೇಳಿದ ಉಬ್ಬುವಿಕೆ ಇದೇ.

ಆದ್ದರಿಂದ ಸ್ಟುಡಿಯೊದವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆ ಮೈಕಿನದಲ್ಲ. ಟೇಕ್ (ಒಂದು ಸಲದ ಮುದ್ರಣ) ನಡೆಯುವಾಗ ಎ.ಸಿ.ಯನ್ನು ಪೂರ್ತಿ ಆರಿಸಲು ಸಾಧ್ಯವೇ, ಕಂಪ್ಯೂಟರಿನ ಫ್ಯಾನು ವಾದಕರ ಕೋಣೆಯಲ್ಲಿದೆಯೇ ಅಥವಾ ಹೊರಗಿದೆಯೇ, ದೀಪಗಳು ಗುಂಯ್‌ಗುಡುತ್ತವೆಯೇ ಎಂದು ವಿಚಾರಿಸಿ. ಒಮ್ಮೆ ಖಾಲಿ ಕೋಣೆಯಲ್ಲಿ ಕುಳಿತು, ನೀವು ನುಡಿಸುವಾಗ ಬಳಸುವ ಮಟ್ಟಕ್ಕೇ ಮೈಕನ್ನು ಎತ್ತಿಸಿ, ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಏನು ಕೇಳಿಸುತ್ತದೆಯೋ ಅದೇ ನಿಮ್ಮ ಗಮಕಗಳ ಜೊತೆಗಾರ.

ಗಟ್ಟಿನಾದ

ಮುದ್ರಣಕೋಣೆಯವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲ ಸ್ಟುಡಿಯೊಗಳೂ 20 ಡೆಸಿಬೆಲ್‌ಗೆ ಇಳಿಯುವುದಿಲ್ಲವೆಂಬುದೂ ನಿಜವಷ್ಟೆ. ಬೇಸಿಗೆಯಲ್ಲಿ ಎ.ಸಿ. ಆರಿಸಿದ, ಗಾಳಿಯಾಡದ ಕೋಣೆಯಲ್ಲಿ ಕುಳಿತು ಆಲಾಪನೆ ಮಾಡುವವರ ಪಾಡನ್ನೂ ಯೋಚಿಸಬೇಕು.

ಕಚೇರಿಗಳಲ್ಲಿ ನಾನು ವರ್ಷಗಳಿಂದ ಪಿಕಪ್ ಬಳಸುತ್ತಿದ್ದೇನೆ. ಕುದುರೆಯ (ತಂತಿಗಳನ್ನು ಹೊತ್ತಿರುವ ಸೇತುವೆಯ) ಹತ್ತಿರ ಮೇಲ್ಹಲಗೆಗೆ ಅಂಟಿಸುವ ಈ ಪುಟ್ಟ ಬಿಲ್ಲೆ ಮರದ ಕಂಪನವನ್ನು ನೇರವಾಗಿ ಎತ್ತಿಕೊಳ್ಳುವುದರಿಂದ ಕೋಣೆಯ ಸದ್ದು ಅದಕ್ಕೆ ಹೆಚ್ಚುಕಡಿಮೆ ತಾಗುವುದೇ ಇಲ್ಲ. ಪಕ್ಕದಲ್ಲಿ ಮೃದಂಗವಿದ್ದರೂ ಚಿಂತೆಯಿಲ್ಲ. ಗಮಕದ ಕೊನೆಯ ಎಳೆ ಕೂಡ ಸ್ಪಷ್ಟವಾಗಿ ಬರುತ್ತದೆ. ಶುದ್ಧ ನಾದದ ಹೆಸರಿನಲ್ಲಿ ಅದನ್ನು ದೂರವಿಡುವುದು ನನಗೆ ಸರಿಕಾಣದು.

ಮೇಣದಮೆಟ್ಟಿಲು

ನಾನು ವೀಣೆಗಳಿಗೆ ಮೆಟ್ಟಿಲು ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿರುವವನು. ಪಿಕಪ್ಪಿನ ಬಗ್ಗೆ ವಾದ್ಯದ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ವೀಣೆಯ ಧ್ವನಿ ಒಂದು ಜಾಗದಿಂದ ಹೊರಡುವುದಿಲ್ಲ. ಹಲಸಿನ ಮರದ ಕೊಡ, ಅದರ ಮೇಲ್ಹಲಗೆ, ನಾದರಂಧ್ರಗಳು, ಟೊಳ್ಳಾದ ದಂಡಿ, ಎಡತೊಡೆಯ ಮೇಲೆ ಕೂರುವ ಬುರುಡೆ, ಇವೆಲ್ಲ ತಮ್ಮ ತಮ್ಮ ಪಾಲನ್ನು ಬೇರೆ ಬೇರೆ ದಿಕ್ಕಿಗೆ ಬಿಡುತ್ತವೆ. ಇವು ಗಾಳಿಯಲ್ಲಿ ಬೆರೆತ ಮೇಲೆ ನಮ್ಮ ಕಿವಿಗೆ ಬೀಳುವುದೇ ವೀಣೆಯ ನಾದ. ಮೇಲ್ಹಲಗೆಯ ಒಂದು ಚುಕ್ಕೆಯಲ್ಲಿ ಅಂಟಿಸಿದ ಬಿಲ್ಲೆಗೆ ಆ ಚುಕ್ಕೆಯ ನಡುಕ ಮಾತ್ರ ಗೊತ್ತು. ಅದನ್ನು ಎರಡು ಬೆರಳು ಆಚೀಚೆ ಸರಿಸಿದರೆ ವಾದ್ಯವೇ ಬದಲಾದಂತೆ ಕೇಳಿಸುವುದು ಇದೇ ಕಾರಣಕ್ಕೆ.

ಕುದುರೆಯ ವಿಷಯವನ್ನೂ ಹೇಳಬೇಕು. ವೀಣೆಯ ಕುದುರೆಯ ಮೇಲಿರುವ ಲೋಹದ ಹಲ್ಲೆ ಚೂಪಲ್ಲ. ಅಗಲವಾಗಿದ್ದು ನವಿರಾದ ಬಾಗು ಹೊಂದಿರುತ್ತದೆ. ತಂತಿ ಅದರ ಮೇಲೆ ಸವರಿಕೊಂಡು ಕಂಪಿಸುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಆ ಉಪಸ್ವರಗಳೂ ಗಟ್ಟಿಯಾಗಿ ಕೇಳಿಸುತ್ತವೆಂದೂ ಅದಕ್ಕೆ ಈ ಬಾಗಿದ ಕುದುರೆಯೇ ಕಾರಣವೆಂದೂ ಸಿ.ವಿ. ರಾಮನ್ ಅವರು 1921ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ತೋರಿಸಿದರು. ವೀಣೆಯ ಹೊಳಪು ಇರುವುದು ಈ ಮೇಲಿನ ಉಪಸ್ವರಗಳಲ್ಲಿ. ಕುದುರೆಗೆ ತೀರ ಹತ್ತಿರವಿಟ್ಟ ಮೈಕಾಗಲಿ ಪಿಕಪ್ಪಾಗಲಿ ಈ ಹೊಳಪನ್ನು ಕರ್ಕಶವಾಗುವಷ್ಟು ಹೆಚ್ಚಿಸಿ, ಕೊಡದ ತುಂಬುನಾದವನ್ನು ಬಿಟ್ಟುಬಿಡುತ್ತದೆ. ಸಾರಣಿಯವರಿಗೆ ಮೀಟು ಚುಚ್ಚಿದಂತೆ ಕೇಳಿಸಿದ್ದಕ್ಕೆ ಮೈಕ್ ಕುದುರೆಯ ನೆತ್ತಿಯ ಮೇಲಿದ್ದುದೇ ಕಾರಣವಿರಬಹುದೆಂದು ನನ್ನ ಊಹೆ.

ಎ.ಸಿ.ಯ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ತಣ್ಣಗಿನ ಕೋಣೆಯಲ್ಲಿ ಶ್ರುತಿ ಮಾಡಿ, ಎ.ಸಿ. ಆರಿಸಿ, ದೀಪಗಳ ಕಾವಿನಲ್ಲಿ ಕುಳಿತರೆ ಮೊದಲು ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಕಾವು ಇನ್ನೂ ಏರಿದರೆ ಮೇಣ ಮೆತ್ತಗಾಗಿ, ಜೋರಾಗಿ ಎಳೆದಾಗ ಮೆಟ್ಟಿಲೇ ಅಲುಗುವುದುಂಟು. ಆದ್ದರಿಂದ ಎ.ಸಿ.ಯನ್ನು ಟೇಕಿನ ಕ್ಷಣದಲ್ಲಿ ಆರಿಸುವುದಕ್ಕಿಂತ ಅರ್ಧ ಗಂಟೆ ಮೊದಲೇ ಆರಿಸಿ, ವಾದ್ಯ ಆ ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡುವುದು ಲೇಸು. ತಂತಿಗಳನ್ನು ಬದಲಿಸುವುದಿದ್ದರೆ ಕೆಲವು ದಿನ ಮೊದಲೇ ಬದಲಿಸಿ. ಹೊಸ ತಂತಿ ಶ್ರುತಿಯಲ್ಲಿ ನಿಲ್ಲಲು ಸಮಯ ಕೇಳುತ್ತದೆ.

ಸಾರಣಿ

ಮೇಣದಮೆಟ್ಟಿಲು ಅವರೇ, ನಿಮ್ಮ ಊಹೆ ಸರಿ. ಮೈಕ್ ಕುದುರೆಯ ಮೇಲೆ ಒಂದು ಗೇಣಿಗಿಂತಲೂ ಹತ್ತಿರವಿತ್ತು. ಹಾಗಾದರೆ ಎಲ್ಲಿಡಬೇಕು? ದೂರ ಇಟ್ಟರೆ ಶಬ್ದ ಇನ್ನೂ ಕಡಿಮೆಯಾಗುವುದಿಲ್ಲವೇ?

ಮುದ್ರಣಕೋಣೆ

ಕಡಿಮೆಯಾಗುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 25 ಸೆಂಟಿಮೀಟರಿನಿಂದ 50ಕ್ಕೆ ಸರಿದರೆ ನೀವು ತೆರುವ ಬೆಲೆ ಅಷ್ಟು. ಪ್ರತಿಯಾಗಿ ಕೊಡ, ಹಲಗೆ, ದಂಡಿ ಎಲ್ಲವೂ ಬೆರೆತ ವೀಣೆ ಸಿಗುತ್ತದೆ. ಕೋಣೆ ನಿಶ್ಶಬ್ದವಾಗಿದ್ದರೆ ಈ ಬೆಲೆಯನ್ನು ತೆರಬಹುದು, ಗದ್ದಲವಿದ್ದರೆ ತೆರಲಾಗದು. ಎಲ್ಲವೂ ಮತ್ತೆ ಕೋಣೆಯ ಬಳಿಗೇ ಬಂದು ನಿಲ್ಲುತ್ತದೆ.

ನಾನು ಶುರುಮಾಡುವ ಜಾಗ ಇದು: ವಾದಕರ ಎದುರಿನಿಂದ, ಮೇಲ್ಹಲಗೆಗಿಂತ ಸ್ವಲ್ಪ ಎತ್ತರದಲ್ಲಿ, ಸುಮಾರು 45ರಿಂದ 60 ಸೆಂಟಿಮೀಟರ್ ದೂರದಲ್ಲಿ. ಮೈಕಿನ ಮುಖ ಕುದುರೆಯತ್ತ ಇರದೆ, ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವಿನ ಜಾಗವನ್ನು ನೋಡಬೇಕು. ಅಲ್ಲಿಂದ ಮುಂದಿನದನ್ನು ಕಿವಿಯೇ ಹೇಳಬೇಕು. ಒಬ್ಬರು ನುಡಿಸುತ್ತಿರುವಾಗ ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ನಿಧಾನವಾಗಿ ಸರಿಸುತ್ತ ಹೋದರೆ, ಮೀಟಿನ ಚುರುಕೂ ಕೊಡದ ತುಂಬುನಾದವೂ ಹೊಂದಿಕೊಳ್ಳುವ ಒಂದು ತಾಣ ಸಿಗುತ್ತದೆ. ಪ್ರತಿ ವೀಣೆಗೂ ಅದು ಬೇರೆ. ಪಕ್ಕದಲ್ಲಿರುವ ತಾಳದ ತಂತಿಗಳ ಪ್ರಮಾಣವೂ ಈ ಸರಿಸುವಿಕೆಯಲ್ಲೇ ತೀರ್ಮಾನವಾಗುತ್ತದೆ. ಅವು ಮುದ್ರಣದಲ್ಲಿ ಒಮ್ಮೆ ಜಾಸ್ತಿಯಾಗಿ ಸೇರಿಬಿಟ್ಟರೆ ಆಮೇಲೆ ಬೇರ್ಪಡಿಸುವ ಉಪಾಯವಿಲ್ಲ.

ವಾದಕರು ನೆಲದ ಮೇಲೆ ಕೂರುವುದರಿಂದ ನೆಲ ತೀರ ಹತ್ತಿರದಲ್ಲಿರುತ್ತದೆ. ವೀಣೆಯಿಂದ ನೇರವಾಗಿ ಬರುವ ಧ್ವನಿಗಿಂತ ನೆಲಕ್ಕೆ ತಾಗಿ ಬರುವ ಧ್ವನಿ 34 ಸೆಂಟಿಮೀಟರ್ ಹೆಚ್ಚು ದಾರಿ ನಡೆದರೆ ಅದು ಒಂದು ಮಿಲಿಸೆಕೆಂಡ್ ತಡವಾಗುತ್ತದೆ; ಆಗ 500 ಹರ್ಟ್ಸ್‌ನ ಸುತ್ತ ನಾದದಲ್ಲಿ ಒಂದು ಗುಳಿ ಬೀಳುತ್ತದೆ. ವೀಣೆಯ ಮುಖ್ಯ ತಂತಿಯಾದ ಸಾರಣಿಯ ತಾರಸ್ಥಾಯಿಯ ಸ್ವರಗಳು ಈ ಸುತ್ತಿನಲ್ಲೇ ಇರುವುದರಿಂದ, ಯಾವುದೋ ಒಂದು ಸ್ವರ ಮಾತ್ರ ಸಪ್ಪೆಯಾಗಿ ಕೇಳಿಸಿದರೆ ವಾದಕರ ಬೆರಳನ್ನು ದೂರುವ ಮೊದಲು ಮೈಕಿಗೂ ವೀಣೆಗೂ ನಡುವಿನ ನೆಲದ ಮೇಲೆ ದಪ್ಪ ಜಮಖಾನೆಯನ್ನೋ ರಜಾಯಿಯನ್ನೋ ಮಡಿಸಿ ಹಾಕಿ ನೋಡಬೇಕು. ಕೊಡದ ಕೆಳಗೆ ಮಾತ್ರ ಮೆತ್ತನೆಯದೇನನ್ನೂ ಹಾಕಬೇಡಿ.

ಇನ್ನು ಮೈಕು. ಡೈನಮಿಕ್ ಮೈಕ್ ಇಲ್ಲಿ ಬೇಡ. ಎಲ್ಲೆಡೆ ಕಾಣಸಿಗುವ ಶ್ಯೂರ್ ಎಸ್‌ಎಂ57ರ ಸಂವೇದನೆ ಒಂದು ಪಾಸ್ಕಲ್ ಒತ್ತಡಕ್ಕೆ 2 ಮಿಲಿವೋಲ್ಟ್‌ಗಿಂತಲೂ ಕಡಿಮೆ. ಕಂಡೆನ್ಸರ್ ಮೈಕ್ ಆದ ನ್ಯೂಮನ್ ಟಿಎಲ್‌ಎಂ103ರದ್ದು 23 ಮಿಲಿವೋಲ್ಟ್. ಮೊದಲನೆಯದನ್ನು ವೀಣೆಗೆ ಇಟ್ಟರೆ ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರಿಆ್ಯಂಪನ್ನು ಕೊನೆಯ ತನಕ ತಿರುಗಿಸಬೇಕಾಗುತ್ತದೆ, ಆಗ ಅದರ ಹಿಸ್ ಎದ್ದು ಬರುತ್ತದೆ. ಕಂಡೆನ್ಸರ್ ಮೈಕುಗಳಲ್ಲೂ ಪ್ರತಿಯೊಂದಕ್ಕೂ ತನ್ನದೇ ಆದ ಒಳಸದ್ದು ಇರುತ್ತದೆ. ಟಿಎಲ್‌ಎಂ103ಕ್ಕೆ ತಯಾರಕರು ಕೊಡುವ ಅಂಕಿ 7 ಡೆಸಿಬೆಲ್. ಅದೇ ಸಂಸ್ಥೆಯ ಸಣ್ಣ ಪೊರೆಯ (ಧ್ವನಿಗೆ ಕಂಪಿಸುವ ತೆಳು ಹಾಳೆಯ) ಕೆಎಂ184ಕ್ಕೆ 13. ಸಾಮಾನ್ಯವಾಗಿ ತಂತಿವಾದ್ಯಗಳಿಗೆ ಸಣ್ಣ ಪೊರೆಯ ಮೈಕನ್ನೇ ಆರಿಸುವ ರೂಢಿಯಿದೆ, ಅದರ ಚುರುಕುತನ ನನಗೂ ಇಷ್ಟ. ಆದರೆ ಏಕಾಂಗಿ ಆಲಾಪನೆಗೆ ನಾನು ಒಳಸದ್ದು ಕಡಿಮೆಯಿರುವ ದೊಡ್ಡ ಪೊರೆಯ ಮೈಕನ್ನೇ ಮೇಲೆಂದು ಎಣಿಸುತ್ತೇನೆ. ಬ್ರ್ಯಾಂಡ್ ಯಾವುದಾದರೂ ಇರಲಿ, ಮೈಕಿನ ಕೈಪಿಡಿಯಲ್ಲಿ ಈ ಎರಡು ಅಂಕಿಗಳನ್ನು ನೋಡಿ ಸಾಕು.

ಇಂಜಿನಿಯರರು ಅಭ್ಯಾಸಬಲದಿಂದ 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸುವ ಗುಂಡಿಯನ್ನು ಒತ್ತಿಬಿಡಬಹುದು. ಗಾಯನಕ್ಕೆ ಅದು ಸರಿ. ವೀಣೆಯ ಸಾರಣಿಯನ್ನು ಮೂರು ಮನೆ ಶ್ರುತಿಗೆ, ಅಂದರೆ 165 ಹರ್ಟ್ಸ್‌ಗೆ, ಕೂಡಿಸಿದ್ದರೆ ಮಂದ್ರದ ತಂತಿ 82ರಲ್ಲಿ, ಅನುಮಂದ್ರದ ಪಂಚಮ ಸುಮಾರು 62ರಲ್ಲಿ ನುಡಿಯುತ್ತದೆ. 80ಕ್ಕೆ ಕತ್ತರಿಸಿದರೆ ಅನುಮಂದ್ರದ ಬೇರೇ ಹೋಗುತ್ತದೆ. ಕತ್ತರಿಸಲೇಬೇಕಾದರೆ 40ರ ಕೆಳಗೆ ಕತ್ತರಿಸಲಿ.

ಗಟ್ಟಿನಾದ

ಹಾಗಾದರೆ ಪಿಕಪ್ ಬೇಡವೇ ಬೇಡ ಎನ್ನುತ್ತೀರಾ?

ಮುದ್ರಣಕೋಣೆ

ಹಾಗೆನ್ನುವುದಿಲ್ಲ. ಒಂದು ಬೇರೆ ಟ್ರ್ಯಾಕಿನಲ್ಲಿ ಅದನ್ನೂ ಮುದ್ರಿಸಿಕೊಳ್ಳಲಿ. ಮೃದಂಗ ಜೋರಾಗಿರುವ ಕಡೆ ಮೈಕಿನ ನಾದಕ್ಕೆ ಒಂದಿಷ್ಟು ಬೆರೆಸಲು ಅದು ಉಪಯೋಗಕ್ಕೆ ಬರುತ್ತದೆ. ಎರಡು ಷರತ್ತುಗಳು ಮಾತ್ರ. ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಪಿಕಪ್ಪನ್ನು ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಕೆಳಸ್ವರಗಳು ಸೋರಿಹೋಗಿ ತಗಡಿನಂಥ ಧ್ವನಿ ಬರುತ್ತದೆ. ಅದಕ್ಕೆ ಕನಿಷ್ಠ ಒಂದು ಮೆಗಾಓಮ್ ಪ್ರತಿರೋಧದ ಇನ್‌ಪುಟ್ ಬೇಕು. ಎರಡನೆಯದಾಗಿ, ಪಿಕಪ್ಪಿನ ಸಂಕೇತ ತಕ್ಷಣ ಬರುತ್ತದೆ, ಅರ್ಧ ಮೀಟರ್ ದೂರದ ಮೈಕಿಗೆ ಅದೇ ಧ್ವನಿ ತಲುಪಲು ಸುಮಾರು ಒಂದೂವರೆ ಮಿಲಿಸೆಕೆಂಡ್ ಬೇಕು. ಮಿಶ್ರಣದ ವೇಳೆ ಪಿಕಪ್ಪಿನ ಟ್ರ್ಯಾಕನ್ನು ಅಷ್ಟು ತಡವಾಗಿಸದೆ ಬೆರೆಸಿದರೆ ಎರಡೂ ಒಂದನ್ನೊಂದು ಕತ್ತರಿಸಿಕೊಂಡು ವೀಣೆ ಟೊಳ್ಳಾಗಿ ಕೇಳಿಸುತ್ತದೆ. ಆಲಾಪನೆಗೆ ಮಾತ್ರ ಪಿಕಪ್ಪಿನ ಫೇಡರನ್ನು (ಮಟ್ಟ ಏರಿಳಿಸುವ ಜಾರುಗುಂಡಿಯನ್ನು) ಕೆಳಗೇ ಇಟ್ಟಿರುವುದು ಒಳ್ಳೆಯದೆಂಬ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಹಳೆಟೇಪು

ಈ ತೊಡಕು ಧ್ವನಿಮುದ್ರಣದಷ್ಟೇ ಹಳೆಯದು. 1925ರಲ್ಲಿ ಮೈಕನ್ನು ಬಳಸುವ ವಿದ್ಯುತ್ ಮುದ್ರಣ ಬಳಕೆಗೆ ಬರುವವರೆಗೆ ಕಲಾವಿದರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖಮಾಡಿ ಹಾಡಬೇಕಿತ್ತು, ನುಡಿಸಬೇಕಿತ್ತು. ಆ ಧ್ವನಿಯ ಬಲವೇ ಮೇಣದ ತಟ್ಟೆಯ ಮೇಲೆ ಗೀರು ಕೊರೆಯಬೇಕಾದ್ದರಿಂದ ಗಟ್ಟಿಗಂಟಲಿನವರಿಗೆ, ಊದುವ ವಾದ್ಯಗಳಿಗೆ ಮಾತ್ರ ಅದು ಒಗ್ಗುತ್ತಿತ್ತು. ಪಿಟೀಲಿನ ಧ್ವನಿಯೇ ಸಾಲದೆಂದು ಅದಕ್ಕೆ ಲೋಹದ ಕಹಳೆ ಜೋಡಿಸಿದ ಸ್ಟ್ರೋ ಪಿಟೀಲು ಹುಟ್ಟಿಕೊಂಡಿತು. ಪಿಟೀಲಿಗೇ ಈ ಗತಿಯಾದರೆ ವೀಣೆಯ ಪಾಡನ್ನು ಕೇಳಬೇಕೇ? ಮೈಸೂರಿನ ವೀಣೆ ಶೇಷಣ್ಣನವರು 1852ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡರು. ಅವರ ವಾದನದ ಕಾಲವೆಲ್ಲ ಹೆಚ್ಚುಕಡಿಮೆ ಕಹಳೆಯ ಯುಗದಲ್ಲೇ ಮುಗಿಯಿತು.

ನನಗೆ ಒಂದು ಭಿನ್ನಾಭಿಪ್ರಾಯವಿದೆ. ನಿಶ್ಶಬ್ದದ ಹಂಬಲದಲ್ಲಿ ಸ್ಟುಡಿಯೊಗಳು ಗೋಡೆಗಳಿಗೆಲ್ಲ ಸ್ಪಂಜು ಹೊದಿಸಿ ಕೋಣೆಯ ಅನುರಣನವನ್ನೇ ಕೊಂದುಬಿಡುತ್ತವೆ. ವೀಣೆಗೆ ಇದು ಒಳ್ಳೆಯದಲ್ಲ. ಮರದ ನೆಲ, ಎತ್ತರದ ಸೂರು, ಸಾಧಾರಣ ಮರುದನಿ ಇರುವ ಕೋಣೆಯಲ್ಲಿ ಗಮಕದ ಇಳಿತಕ್ಕೆ ಒಂದು ಆಸರೆ ಸಿಗುತ್ತದೆ, ವಾದಕರೂ ಸ್ವರವನ್ನು ನಂಬಿ ಬಿಡುತ್ತಾರೆ. ಸತ್ತ ಕೋಣೆಯಲ್ಲಿ ಕುಳಿತವರು ತಮಗೆ ಗೊತ್ತಿಲ್ಲದೆಯೇ ಜೋರಾಗಿ, ಪದೇ ಪದೇ ಮೀಟತೊಡಗುತ್ತಾರೆ; ಒಂದು ಮೀಟಿನಲ್ಲಿ ಬರಬೇಕಾದದ್ದು ಮೂರು ಮೀಟಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಹಾಕುವ ರಿವರ್ಬ್ (ಕೃತಕ ಮರುದನಿ) ಕೇಳುಗನಿಗೆ ಹಿತವಾಗಬಹುದು, ನುಡಿಸುವ ಹೊತ್ತಿನಲ್ಲಿ ಆ ಕೈಗೆ ಅದರಿಂದ ಏನೂ ಉಪಯೋಗವಿಲ್ಲ.

ಮುದ್ರಣಕೋಣೆ

ಇದನ್ನು ಪೂರ್ತಿ ಒಪ್ಪುತ್ತೇನೆ. ಸದ್ದು ಬೇರೆ, ಅನುರಣನ ಬೇರೆ. ಗೋಡೆಗೆ ಅಂಟಿಸುವ ಸ್ಪಂಜು ಹೊರಗಿನ ವಾಹನದ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮರುದನಿಯನ್ನು ಮಾತ್ರ ಹೀರುತ್ತದೆ; ಇವೆರಡನ್ನೂ ಒಂದೇ ಎಂದು ತಿಳಿದು ಕಟ್ಟಿದ ಕೋಣೆಗಳು ಬೇಕಾದಷ್ಟಿವೆ. ಸ್ಟುಡಿಯೊದಲ್ಲಿ ಎರಡು ಕೋಣೆಗಳಿದ್ದರೆ ಮಾತಿನ ಮುದ್ರಣಕ್ಕೆಂದು ಮಾಡಿದ ಪುಟ್ಟ ಕೋಣೆಯನ್ನು ಬಿಟ್ಟು ದೊಡ್ಡದನ್ನೇ ಕೇಳಿ. ಸತ್ತ ಕೋಣೆಯೇ ಗತಿಯೆಂದಾದರೆ ವಾದಕರ ಹೆಡ್‌ಫೋನಿಗೆ ಮಾತ್ರ ಸ್ವಲ್ಪ ರಿವರ್ಬ್ ಕಳುಹಿಸಬಹುದು; ಮುದ್ರಣಕ್ಕೆ ಅದು ಸೇರುವುದಿಲ್ಲ, ಆದರೆ ಕೈ ಹಗುರಾಗುತ್ತದೆ.

ಸಾರಣಿ

ಹಳೆಟೇಪು ಅವರು ಬರೆದ ಮೂರು ಮೀಟಿನ ಮಾತು ನನ್ನ ಹಳೆಯ ಮುದ್ರಣಕ್ಕೆ ಅಕ್ಷರಶಃ ಹೊಂದುತ್ತದೆ. ಈಗ ಉಳಿದ ಪ್ರಶ್ನೆಗಳು ಮೃದಂಗ ಮತ್ತು ತಂಬೂರಿಯವು. ಮೃದಂಗದವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಗಾಜಿನ ಮೂಲಕ ನೋಡಿಕೊಂಡು ನುಡಿಸುವುದು ನನಗೆ ಕಷ್ಟ. ಹೆಡ್‌ಫೋನ್ ಹಾಕಿಕೊಂಡರೆ ನನ್ನ ವೀಣೆ ನನಗೇ ಸರಿಯಾಗಿ ಕೇಳಿಸುವುದಿಲ್ಲ.

ಲಯಪ್ರಿಯ

ನಾನು ಮೃದಂಗ ನುಡಿಸುವವನು, ಮುದ್ರಣದ ಕೆಲಸವನ್ನೂ ಮಾಡುತ್ತೇನೆ. ವೀಣೆಯ ಜೊತೆ ಒಂದೇ ಕೋಣೆಯಲ್ಲಿ ಕುಳಿತು ಮುದ್ರಿಸಲು ಒಂದು ಉಪಾಯವಿದೆ: ವೀಣೆಗೆ ಎಂಟರ ಆಕಾರದಲ್ಲಿ ಕೇಳುವ ಮೈಕನ್ನು, ಅಂದರೆ ಮುಂದೆ ಮತ್ತು ಹಿಂದೆ ಮಾತ್ರ ಕೇಳಿಸಿಕೊಂಡು ಎರಡೂ ಪಕ್ಕಗಳಿಗೆ ಕಿವುಡಾಗಿರುವ ಮೈಕನ್ನು, ಬಳಸುವುದು. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ ಬೆನ್ನಿನ ಕಡೆಗೆ ಕಿವುಡಾಗಿರುತ್ತದೆಂದು ಹೇಳುತ್ತಾರೆ. ಆದರೆ ಕೆಳಸ್ವರಗಳ ಮಟ್ಟಿಗೆ ಆ ಕಿವುಡು ಅಷ್ಟು ನಂಬಿಕೆಗೆ ಅರ್ಹವಲ್ಲ, ಮೃದಂಗದ ಎಡಮುಖದ ಗುಂಕಾರ ಒಳಗೆ ನುಸುಳುತ್ತದೆ. ಎಂಟರ ಆಕಾರದ ಮೈಕಿನ ಪಕ್ಕದ ಕಿವುಡು ಎಲ್ಲ ಸ್ವರಗಳಿಗೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಮೃದಂಗವನ್ನು ಕರಾರುವಾಕ್ಕಾಗಿ ಆ 90 ಡಿಗ್ರಿಯ ಗೆರೆಯ ಮೇಲೆ ಕೂರಿಸಿ, ನಡುವೆ ಸೊಂಟದೆತ್ತರದ ಒಂದು ಅಡ್ಡಹಲಗೆ ನಿಲ್ಲಿಸಿದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೇ ನುಡಿಸಬಹುದು. ಮೈಕಿನ ಬೆನ್ನಿನ ಕಡೆಯಿರುವ ಗೋಡೆ ಹತ್ತಿರವಿದ್ದರೆ ಅಲ್ಲಿಗೆ ಕಂಬಳಿ ಇಳಿಬಿಡಿ, ಏಕೆಂದರೆ ಆ ಕಡೆಯೂ ಅದಕ್ಕೆ ಕಿವಿಯಿದೆ.

ಎರಡು ಮೈಕುಗಳ ನಡುವಿನ ಅಂತರ ಒಂದೊಂದರ ವಾದ್ಯಕ್ಕಿರುವ ಅಂತರದ ಮೂರು ಪಟ್ಟಾದರೂ ಇರಬೇಕೆಂಬ ಸೂತ್ರವನ್ನು ಯಾರಾದರೂ ಹೇಳಿದರೆ, ಅದು ಸಮಬಲದ ವಾದ್ಯಗಳಿಗೆ ಹೇಳಿದ ಮಾತೆಂದು ನೆನಪಿಡಿ. ವೀಣೆ ಮತ್ತು ಮೃದಂಗ ಸಮಬಲವಲ್ಲ. ಅದಕ್ಕಿಂತ ಮುಖ್ಯವಾಗಿ, ಮೃದಂಗದವರು ವೀಣೆಯನ್ನು ಕೇಳಿಸಿಕೊಂಡು ನುಡಿಸುವವರಾಗಿದ್ದರೆ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ನಮ್ಮವರ ಮೇಲಿನ ದೂರು ಇದು, ಆದರೂ ಹೇಳದಿದ್ದರೆ ತಪ್ಪಾಗುತ್ತದೆ.

ತಂಬೂರಿಯನ್ನು ಕೋಣೆಯಲ್ಲಿ ಸ್ಪೀಕರಿನಿಂದ ಹಾಕಬೇಡಿ. ಒಂದು ಕಿವಿಗೆ ಮಾತ್ರ ಮುಚ್ಚಿದ ಹೆಡ್‌ಫೋನ್ ಹಾಕಿ, ಅದರಲ್ಲಿ ತಂಬೂರಿಯನ್ನು ಸಣ್ಣಗೆ ಇಟ್ಟುಕೊಂಡು, ಇನ್ನೊಂದು ಕಿವಿಯನ್ನು ವೀಣೆಗೆ ಬಿಟ್ಟರೆ ನಿಮ್ಮ ತೊಂದರೆ ಬಹುಪಾಲು ಪರಿಹಾರವಾಗುತ್ತದೆ. ಹೆಡ್‌ಫೋನಿನ ಆಚೆಯ ಬಟ್ಟಲು ಗಾಳಿಗೆ ತೆರೆದುಕೊಂಡಿರದಂತೆ ತಲೆಗೆ ಒತ್ತಿಕೊಂಡಿರಲಿ ಅಥವಾ ಆ ಬದಿಯ ಧ್ವನಿಯನ್ನೇ ಆರಿಸಿಬಿಡಲಿ. ಇಲ್ಲವಾದರೆ ಅಲ್ಲಿಂದ ಸೋರಿದ ತಂಬೂರಿ ವೀಣೆಯ ಮೈಕಿಗೆ ಸೇರುತ್ತದೆ.

ಮೇಣದಮೆಟ್ಟಿಲು

ಸಣ್ಣ ಸದ್ದುಗಳ ಪಟ್ಟಿಗೆ ನನ್ನದೂ ಒಂದಿಷ್ಟು. ಮುದ್ರಣದ ಹಿಂದಿನ ದಿನ ಬಿರಡೆಗಳು, ತಂತಿಗಳ ತುದಿ ಕಟ್ಟುವ ನಾಗಪಾಶದ ಮಣಿಗಳು, ಬುರುಡೆಯ ತಿರುಪು, ಸಡಿಲವಾದ ಅಲಂಕಾರದ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸಭಾಂಗಣದಲ್ಲಿ ಕೇಳಿಸದ ಜಿರ್ರೆಂಬ ಸದ್ದು ಮೈಕಿಗೆ ಮೊದಲು ಕೇಳಿಸುತ್ತದೆ. ಎಡಗೈ ಬೆರಳಿಗೆ ಎಣ್ಣೆ ಸವರಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಬಿಡಬೇಡಿ, ತಂತಿಯ ಮೇಲಿನ ಜಾರುವ ಕೀರಲು ಅದರಿಂದ ತಗ್ಗುತ್ತದೆ. ಆದರೆ ಅದು ಪೂರ್ತಿ ಹೋಗಬೇಕೆಂದು ಹಟ ಹಿಡಿಯಬೇಡಿ. ಬೆರಳಿನ ಸದ್ದೇ ಇಲ್ಲದ ವೀಣೆ ಕೀಲಿಮಣೆಯ ವೀಣೆಯಂತೆ ಕೇಳಿಸುತ್ತದೆ. ಬಳೆ, ಗಡಿಯಾರ, ಗರಿಗರಿಯಾದ ರೇಷ್ಮೆಗಳನ್ನು ಅಂದು ಮನೆಯಲ್ಲೇ ಬಿಡಿ.

ಹಳೆಟೇಪು

ವಿದ್ಯುತ್ತಿನ ಹಮ್ (ಗುಂಯ್ ಎಂಬ ಸದ್ದು) ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಅದು 50 ಹರ್ಟ್ಸ್‌ನಲ್ಲಿ ಮತ್ತು ಅದರ ಗುಣಕಗಳಾದ 100, 150ರಲ್ಲಿ ನುಡಿಯುತ್ತದೆ. ಎರಡೂವರೆ ಮನೆ ಶ್ರುತಿಯ ಷಡ್ಜ ಸುಮಾರು 155.6 ಹರ್ಟ್ಸ್. 150ರ ಹಮ್ ಸಣ್ಣಗೆ ಇದ್ದರೂ ಷಡ್ಜದ ಇಳಿತದಲ್ಲಿ ಸೆಕೆಂಡಿಗೆ ಐದಾರು ಸಲ ನಡುಗುವ ಒಂದು ಅಲುಗಾಟ ಕೇಳಿಸುತ್ತದೆ, ಕೇಳಿದವರು ಶ್ರುತಿಯೇ ಸರಿಯಿಲ್ಲವೆಂದುಕೊಳ್ಳುತ್ತಾರೆ. ಆಮೇಲೆ ಫಿಲ್ಟರ್ ಹಾಕಿ ತೆಗೆಯಲು ಹೋದರೆ ಷಡ್ಜಕ್ಕೇ ಪೆಟ್ಟು. ಆದ್ದರಿಂದ ದೀಪದ ಡಿಮ್ಮರ್, ಫೋನಿನ ಚಾರ್ಜರ್ ಇತ್ಯಾದಿಗಳನ್ನು ಮೊದಲೇ ಕಿತ್ತಿಡಿಸಿ.

ಗಟ್ಟಿನಾದ

ಇಷ್ಟೆಲ್ಲ ಜಾಗ್ರತೆಯಿಂದ ಮುದ್ರಿಸಿದ್ದನ್ನು ಜನ ಕೇಳುವುದು ಬಸ್ಸಿನಲ್ಲಿ, ಫೋನಿನಲ್ಲಿ. ಅಲ್ಲಿ ಈ ಮೆಲುದನಿಯ ಇಳಿತ ಕೇಳಿಸೀತೇ? ಕೊನೆಗಾದರೂ ಕಂಪ್ರೆಸರ್ ಬೇಕೇ ಬೇಕಲ್ಲವೇ?

ಮುದ್ರಣಕೋಣೆ

ನ್ಯಾಯವಾದ ಪ್ರಶ್ನೆ. ಮೊದಲನೆಯದಾಗಿ, ಮುದ್ರಿಸುವಾಗ ಬೇಡ. 24 ಬಿಟ್‌ಗಳಲ್ಲಿ ಮುದ್ರಿಸುವಾಗ ಅತಿ ಜೋರಾದ ಮೀಟು ಮಾಪಕದ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೆ, ಅಂದರೆ −12ರ ಆಸುಪಾಸಿನಲ್ಲಿ ನಿಂತರೆ ಸಾಕು. ಯಂತ್ರದ ಸದ್ದು ಕೋಣೆಯ ಸದ್ದಿಗಿಂತ ಎಷ್ಟೋ ಕೆಳಗಿರುವುದರಿಂದ ಮಾಪಕವನ್ನು ತುಂಬಿಸುವ ಆತುರವೇ ಬೇಕಾಗಿಲ್ಲ. ಮಿಶ್ರಣದಲ್ಲಿ ನಾನು ಕಂಪ್ರೆಸರಿನ ಬದಲು ಕೈಯಿಂದ ಫೇಡರ್ ನಡೆಸುತ್ತೇನೆ: ದೊಡ್ಡ ಗಮಕವಿರುವ ಕಡೆ ಇಳಿತದಲ್ಲಿ ಎರಡು ಮೂರು ಡೆಸಿಬೆಲ್ ಏರಿಸಿ, ಮುಂದಿನ ಮೀಟಿಗೆ ಮುಂಚೆ ಮತ್ತೆ ಇಳಿಸುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ, ರಾಗ ತಿಳಿದವರು ಪಕ್ಕದಲ್ಲಿರಬೇಕಾಗುತ್ತದೆ, ಆದರೆ ಯಾವ ಇಳಿತ ರಾಗಕ್ಕೆ ಬೇಕು, ಯಾವುದು ಸುಮ್ಮನೆ ಸಾಯಬಹುದು ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಲ್ಲೋ ಒಂದೆರಡು ಕಡೆ ಎದ್ದು ನಿಲ್ಲುವ ಮೀಟನ್ನು, ತುದಿಗಳನ್ನು ಮಾತ್ರ ತಡೆಯುವ ಲಿಮಿಟರ್‌ನಿಂದ ಮೂರು ಡೆಸಿಬೆಲ್ ತಗ್ಗಿಸಿದರೆ ಯಾರಿಗೂ ಗೊತ್ತಾಗದು. ಅದಕ್ಕೆ ನನ್ನ ಆಕ್ಷೇಪವಿಲ್ಲ.

ಜೋರಿನ ಪೈಪೋಟಿಯೂ ಮೊದಲಿನಂತಿಲ್ಲ. ಸ್ಪಾಟಿಫೈ ಸಾಮಾನ್ಯ ಸ್ಥಿತಿಯಲ್ಲಿ ಎಲ್ಲ ಮುದ್ರಣಗಳನ್ನೂ −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರಲು ನೋಡುತ್ತದೆ. ಅದಕ್ಕಿಂತ ಜೋರಾಗಿ ಅದುಮಿ ಕಳುಹಿಸಿದ್ದನ್ನು ಅದು ತಗ್ಗಿಸಿಯೇ ಕೇಳಿಸುತ್ತದೆ. ಅದುಮುವಾಗ ಕಳೆದ ಇಳಿತ ಮಾತ್ರ ಮರಳಿ ಬರುವುದಿಲ್ಲ. ಬಸ್ಸಿನಲ್ಲಿ ಕೇಳುವವರಿಗೆ ಒಂದಿಷ್ಟು ತಪ್ಪಿಹೋಗುವುದು ನಿಜ. ಅವರಿಗಾಗಿ ಮನೆಯಲ್ಲಿ ಕೇಳುವವರದನ್ನೂ ಕಸಿಯಬೇಕೆಂದು ನನಗನ್ನಿಸುವುದಿಲ್ಲ.

ಗಟ್ಟಿನಾದ

ಈ ಕೊನೆಯ ವಾಕ್ಯದಲ್ಲಿ ನನಗೂ ನಿಮಗೂ ಒಮ್ಮತವಾಗದು. ವೀಣೆಯನ್ನು ಮೊದಲ ಸಲ ಕೇಳುವ ಹುಡುಗರು ಬಸ್ಸಿನಲ್ಲೇ ಕೇಳುವವರು, ಅವರನ್ನು ಬಿಟ್ಟು ನಾವು ಯಾರಿಗಾಗಿ ಮುದ್ರಿಸುತ್ತೇವೆ? ಕೃತಿಗಳಿಗೆ ಸ್ವಲ್ಪ ಅದುಮಿದ ಆವೃತ್ತಿ, ಆಲಾಪನೆಗೆ ಮುಟ್ಟದ ಆವೃತ್ತಿ ಎಂದು ಬೇರೆ ಬೇರೆ ಮಾಡಿದರೆ ನನ್ನ ತಕರಾರಿಲ್ಲ.

ಸಾರಣಿ

ಆ ಸಲಹೆ ನನಗೂ ಹಿಡಿಸಿತು. ಎಲ್ಲರಿಗೂ ತುಂಬು ಧನ್ಯವಾದಗಳು. ಸ್ಟುಡಿಯೊದವರ ಜೊತೆ ಮಾತನಾಡಿದೆ: ಎ.ಸಿ.ಯನ್ನು ಆರಿಸಲು ಒಪ್ಪಿದ್ದಾರೆ, ಎಂಟರ ಆಕಾರಕ್ಕೂ ತಿರುಗಿಸಬಹುದಾದ ಒಂದು ದೊಡ್ಡ ಪೊರೆಯ ಮೈಕ್ ಅವರಲ್ಲಿದೆಯಂತೆ. ಒಂದೇ ಸಂದೇಹ ಉಳಿದಿದೆ. ಆಲಾಪನೆಯ ಮಧ್ಯೆ ಎಲ್ಲಾದರೂ ತಪ್ಪಿದರೆ ಮೊದಲಿನಿಂದ ನುಡಿಸಬೇಕೇ, ಅಥವಾ ಎರಡು ಟೇಕುಗಳನ್ನು ಜೋಡಿಸಬಹುದೇ?

ಮುದ್ರಣಕೋಣೆ

ಜೋಡಿಸಬಹುದು. ಕತ್ತರಿ ಬೀಳಬೇಕಾದದ್ದು ಹೊಸ ಮೀಟಿನ ಕೂದಲೆಳೆಯಷ್ಟು ಮುಂಚೆ. ಇಳಿತದ ನಡುವೆ ಎಂದೂ ಬೇಡ, ಅಲ್ಲಿ ಎಷ್ಟು ನಾಜೂಕಾಗಿ ಬೆಸೆದರೂ ಕಿವಿಗೆ ಸಿಕ್ಕಿಬೀಳುತ್ತದೆ. ಹಿಂದಿನ ಸ್ವರದ ಇಳಿತ ಹೊಸ ಮೀಟಿನ ಅಡಿಯಲ್ಲೂ ಸ್ವಲ್ಪ ಹೊತ್ತು ಉಳಿದಿರುತ್ತದೆಯಾದ್ದರಿಂದ, ತಪ್ಪಿದ ಜಾಗದಿಂದಲೇ ಶುರುಮಾಡದೆ ಅದಕ್ಕಿಂತ ಒಂದೆರಡು ಸಂಚಾರ ಹಿಂದಿನಿಂದ ನುಡಿಸಿಕೊಂಡು ಬನ್ನಿ. ಎರಡು ಟೇಕುಗಳ ನಡುವೆ ಶ್ರುತಿ ಇಳಿದಿದ್ದರೆ ಜೋಡಣೆ ಕೂಡುವುದಿಲ್ಲ. ಪ್ರತಿ ಟೇಕಿಗೂ ಮುಂಚೆ ಸಾರಣಿಯನ್ನು ಅದೇ ತಂಬೂರಿಯ ಫೈಲಿಗೆ ಹಿಡಿದು ನೋಡಿ, ತಾಳದ ತಂತಿಗಳನ್ನೂ ನೋಡಿ. ಯಾರೂ ಅಲುಗಾಡದೆ ಕುಳಿತು ಖಾಲಿ ಕೋಣೆಯನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳುವಂತೆಯೂ ಹೇಳಿ. ಎರಡು ಸಂಚಾರಗಳ ನಡುವಿನ ಬಿಡುವನ್ನು ಒಂದಿಷ್ಟು ಹಿಗ್ಗಿಸಬೇಕಾಗಿ ಬಂದಾಗ ಅಲ್ಲಿ ತುಂಬಲು ಬೇಕಾಗುವುದು ಅದೇ.